ದೀಪಸ್ತಂಭ ಸುತ್ತಿ ಬಂದ ಮೀನು

ನಮ್ಮ ದೇಶ ಹತ್ತು ದೇಶಗಳ ವ್ಯಾಪಾರ ಕೂಟ ಸೇರಿದ್ದೇ ತಡ, ಅವರ ಮೀನಿಗೆ ನಮ್ಮಲ್ಲಿ ಸುಂಕವಿಲ್ಲ, ನಮ್ಮ ಮೀನಿಗೆ ಅವರಲ್ಲಿ ಸುಂಕವಿಲ್ಲ ಎಂದಾಯಿತು. ಪೆಟ್ಟು ಬಿದ್ದದ್ದು ಮಾತ್ರ ಮೀನು ಮಾರುವ ನಮ್ಮ ಅತ್ತೆಗೆ. ಅವಳ ಬುಟ್ಟಿಯ ಮುಕ್ಕಾಲು ಪಾಲು ಹೋಟೆಲಿನ ಅಡುಗೆಯವನಿಗೆ ಹೋಗುತ್ತಿತ್ತು, ಉಳಿದದ್ದು ಹಡಗಿಗೆ ಮೀನು ಸಾಗಿಸುವ ಐಸ್ ಲಾರಿಗೆ ಮೂರು ಕಾಸಿಗೆ. ಎಲ್ಲದಕ್ಕೂ ಉಪ್ಪು ಕಮ್ಮಿ ಎನ್ನುವ ಆ ಅಡುಗೆಯವನಿಗೆ ಉಪ್ಪಣ್ಣ ಎಂದೇ ಹೆಸರು. ಅವನೀಗ ಮೀನುಕಟ್ಟೆಯ ಕಡೆ ತಲೆಯೇ ಹಾಕುತ್ತಿರಲಿಲ್ಲ. ಅವನು ಕೈಬಿಟ್ಟರೆ ಅತ್ತೆ ಬುಟ್ಟಿ ಕವುಚಿ ಹಾಕಬೇಕಾದದ್ದೇ.

"ನಡಿಯೇ, ಅವನನ್ನೇ ಕೇಳೋಣ," ಎಂದು ನನ್ನನ್ನೂ ಎಳೆದುಕೊಂಡು ಹೋಟೆಲಿನ ಹಿಂಬಾಗಿಲಿಂದ ಅಡುಗೆಮನೆಗೇ ನುಗ್ಗಿದಳು.

"ನನ್ನ ತಪ್ಪಿಲ್ಲ ಅಕ್ಕಾ," ಎಂದ ಉಪ್ಪಣ್ಣ. "ಯಜಮಾನರಿಗೆ ಫಾರಿನ್ ಮೀನೇ ಬೇಕಂತೆ. ಅದರ ರುಚಿನೇ ಬೇರೆ ಅಂತೆ."

"ಯಾಕೋ, ಬಾಣಲೆಗೆ ಬಿದ್ದಾಗ ಅದು ಥ್ಯಾಂಕ್ಯೂ ಅನ್ನುತ್ತಾ?"

ಉಪ್ಪಣ್ಣ ಐಸ್ ಪೆಟ್ಟಿಗೆಯಿಂದ ಮಿರಿಮಿರಿ ಮಿಂಚುವ ಪ್ಯಾಕೆಟ್ಟೊಂದನ್ನು ಹಸುಗೂಸಿನಂತೆ ಎತ್ತಿ ತಂದ. ಅತ್ತೆ ಪರಕ್ಕನೆ ಹರಿದು ಮೀನನ್ನು ಮಗುಚಿದಳು. ನಮ್ಮ ಕಟ್ಟೆಯಲ್ಲಿ ಎಲ್ಲರ ಮೀನೂ ಒಂದೇ ಐಸಿನ ರಾಶಿಯಲ್ಲಿ ಬಿದ್ದಿರುತ್ತದೆ. ಕಲಸಿಹೋಗದಿರಲಿ ಎಂದು ಒಬ್ಬೊಬ್ಬರದು ಒಂದೊಂದು ಗುರುತು. ಅತ್ತೆಯದು ಬಾಲದ ತುದಿಯಲ್ಲಿ ಕತ್ತರಿಯಿಂದ ತೆಗೆದ ಪುಟ್ಟ ತ್ರಿಕೋನ. ಈ ಬಾಲದಲ್ಲೂ ಅದೇ ತ್ರಿಕೋನ!

"ಅಯ್ಯೋ ನನ್ನ ಬಂಗಾರಾ, ನೀನಾ? ಲಾರಿ ಹತ್ತಿಸಿ ಕಳಿಸಿದಾಗ ಹೇಗಿದ್ದೆ! ಪರದೇಶದಲ್ಲಿ ಊಟ ಹಾಕಲಿಲ್ವೇನೋ, ಎಷ್ಟು ಸೊರಗಿದ್ದೀಯಲ್ಲೋ!"

ಉಪ್ಪಣ್ಣ ಉಳಿದ ಪ್ಯಾಕೆಟ್ಟುಗಳನ್ನೂ ಬಿಚ್ಚಿದ. ಎಲ್ಲದರಲ್ಲೂ ತ್ರಿಕೋನ.

"ಹಂಗಾದ್ರೆ ಯಜಮಾನರು ಇಷ್ಟು ದಿನ ಚಪ್ಪರಿಸಿದ್ದು ಏನನ್ನಕ್ಕಾ?"

"ಪ್ರಯಾಣಾನ!"

"ನಿಜ ಹೇಳಿದ್ರೆ ಅವರು ನನ್ನ ಸೌಟು ಕಿತ್ಕೊಳ್ತಾರೆ. ಅವರಿಗೆ ಸಮುದ್ರದ ಮೇಲೆ ಓಡಾಡಿ ಬಂದ ಮೀನೇ ಆಗಬೇಕು."

"ಅಷ್ಟೇ ತಾನೆ? ಓಡಾಡಿಸೋಣ."

ಮರುದಿನ ಬೆಳಿಗ್ಗೆ ಮಾವ ದೋಣಿ ಕಟ್ಟಿ, ಮೀನು ಇಳಿಸಿ, ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅತ್ತೆ ಬುಟ್ಟಿಯನ್ನು ವಾಪಸು ದೋಣಿಗಿಟ್ಟಳು.

"ಕಡಲಲ್ಲಿರೋ ದೀಪಸ್ತಂಭ ಸುತ್ತಿಸ್ಕೊಂಡು ಬನ್ನಿ."

"ಈಗಷ್ಟೇ ಅಲ್ಲಿಂದಲೇ ತಂದಿದ್ದೀನಲ್ಲೇ!"

"ಆಗ ಅದು ಊರಿನ ಮೀನು. ಈಗ ಪ್ರವಾಸಿ. ಬುಟ್ಟೀನ ಮುಂದುಗಡೆ ಇಡಿ, ಗಾಳಿ ಬರಲಿ."

ಮಾವ ಗೊಣಗುತ್ತಾ ಹೋಗಿ ಬಂದ. ಮಧ್ಯಾಹ್ನ ಹೋಟೆಲಿನ ಯಜಮಾನರು ಬೆರಳು ನೆಕ್ಕುತ್ತಾ, "ಇದು ಯಾವ ಕಡೆಯಿಂದ ಬಂತೋ?" ಎಂದು ಉಪ್ಪಣ್ಣನನ್ನು ಕೇಳಿದರಂತೆ.

"ನೀರಿನ ಮೇಲಿಂದ ಸ್ವಾಮಿ. ಈಗಷ್ಟೇ ಇಳೀತು."

"ಅದಕ್ಕೇ ಮತ್ತೆ! ಊರಿನ ಮೀನಿಗೆ ಈ ರುಚಿ ಎಲ್ಲಿಂದ ಬರಬೇಕು?"

ಅಂದಿನಿಂದ ಅತ್ತೆಯ ಬುಟ್ಟಿ ಮತ್ತೆ ಖಾಲಿಯಾಗತೊಡಗಿತು. ಗೋಳಾಡಿದ್ದು ಮಾವನೊಬ್ಬನೇ. "ಹಿಡಿಯೋಕೊಂದ್ಸಲ, ತಿರುಗಿಸೋಕೊಂದ್ಸಲ. ಮೀನಿಗೆ ರುಚಿ ಬಂತು, ನನಗೆ ಸೊಂಟ ಹೋಯ್ತು."

"ಫಾರಿನ್‌ಗೆ ಕರ್ಕೊಂಡು ಹೋಗಿ ಅಂತ ಮದುವೆಯಾದಾಗಿಂದ ಬಡ್ಕೊಂಡೆ," ಎಂದಳು ಅತ್ತೆ. "ನನಗಿಲ್ಲದ ಯೋಗ ಈ ಮೀನಿಗೆ ಬಂತಲ್ಲಪ್ಪಾ!"

ಮರುದಿನ ದೋಣಿಯಲ್ಲಿ ಬುಟ್ಟಿಯ ಪಕ್ಕ ಕೊಡೆ ಬಿಚ್ಚಿಕೊಂಡು ಅತ್ತೆಯೂ ಕೂತಿದ್ದಳು.