ಕೋಟಿನಜ್ಜಿಯ ಮೂರನೇ ಓದು

ಕೋಟಿನಜ್ಜಿಯ ಕೋಟಿಗೆ ಐದು ಜೇಬುಗಳಿದ್ದವು; ಐದರ ಬಾಯನ್ನೂ ಆಕೆ ಕಪ್ಪು ದಾರದಿಂದ ಹೊಲಿದುಬಿಟ್ಟಿದ್ದಳು. ಗಂಡ ತೊಡುತ್ತಿದ್ದ ಕೋಟು ಅದು, ಆತ ಹೋದ ಮೇಲೆ ಆಕೆಯ ಮೈಗೆ ಬಂದದ್ದು. ಭುಜಗಳಲ್ಲಿ ಜೋತು, ತೋಳುಗಳಲ್ಲಿ ಎರಡೆರಡು ಮಡಿಕೆ ಬಿದ್ದು, ಹಳೆಯ ಚಹಾದ ಕಲೆಯಂಥ ಬಣ್ಣಕ್ಕೆ ತಿರುಗಿದ್ದ ಆ ಉಣ್ಣೆಯ ಕೋಟನ್ನು ನಡುಬೇಸಗೆಯಲ್ಲೂ, ನಮ್ಮ ವಕೀಲರ ಕಚೇರಿಯ ಫ್ಯಾನು ಕೆಟ್ಟು ಎಲ್ಲರೂ ಕಡತಗಳಿಂದ ಗಾಳಿ ಬೀಸಿಕೊಳ್ಳುತ್ತಿದ್ದ ದಿನಗಳಲ್ಲೂ ಆಕೆ ಕಳಚಿದವಳಲ್ಲ. ಬಡತನ, ಹರಿದದ್ದನ್ನು ಹೊಲಿದುಕೊಂಡಿದ್ದಾಳೆ ಎಂದು ನಾನು ಮೊದಲು ಮರುಗಿದ್ದೆ. ಒಮ್ಮೆ ಕೇಳಿಯೂಬಿಟ್ಟೆ.

"ಜೇಬಿನ ಬಾಯಿ ತೆರೆದಿದ್ರೆ ತಾನೇ ಯಾರಾದ್ರೂ ಏನಾದ್ರೂ ಹಾಕೋದು?" ಎಂದಳು.

ಆಕೆಯ ತಮ್ಮನ ಅಂಗಿಯ ಜೇಬಿಗೆ ಕಾಡಿನ ಕಾವಲಿನವನೊಬ್ಬ ಬೇಟೆಗೆ ಉರುಳು ಹಾಕುವ ತಂತಿಯನ್ನು ತುರುಕಿ, ಹತ್ತು ಹೆಜ್ಜೆ ನಡೆದು ಬಂದು, ನಾಲ್ವರ ಮುಂದೆ ಅದೇ ತಂತಿಯನ್ನು ಹೊರಗೆಳೆದು ತೋರಿಸಿದ್ದ. ಮೊಲವನ್ನೂ ಹಿಡಿಯದ ಆ ತಮ್ಮ ಒಂಬತ್ತು ತಿಂಗಳು ಸೆರೆಮನೆಯಲ್ಲಿದ್ದು, ಕೆಮ್ಮು ಹಚ್ಚಿಕೊಂಡು ಬಂದು, ಆ ಕೆಮ್ಮಿನಲ್ಲೇ ಹೋದ. ಅವನನ್ನು ಮಣ್ಣು ಮಾಡಿ ಬಂದ ಸಂಜೆ ಅಕ್ಕ ಸೂಜಿ ದಾರ ಹಿಡಿದು ಕುಳಿತಳು.

ಆಕೆಯ ಕಾಗದಪತ್ರಗಳೆಲ್ಲ ಕೋಟಿನ ಬೆನ್ನಿನ ಒಳಪದರದಲ್ಲಿದ್ದವು. ತೆಗೆಯಬೇಕಾದಾಗ ಬಾಣಂತಿ ಹಾಲೂಡಿಸಲು ತಿರುಗಿ ಕೂರುವಂತೆ ಗೋಡೆಯತ್ತ ತಿರುಗಿ, ಮೊದಲು ಒಂದು ತೋಳು, ಆಮೇಲೆ ಇನ್ನೊಂದು ತೋಳು ಬಿಡಿಸಿಕೊಂಡು, ಬೆನ್ನು ನಮ್ಮತ್ತ ಮಾಡಿಯೇ ಏನನ್ನೋ ಎಣಿಸಿ, ಬೇಕಾದ ಒಂದನ್ನು ಮಾತ್ರ ಕೈಗೆ ಕೊಡುತ್ತಿದ್ದಳು. ಆ ಒಂದನ್ನು ನಾವು ಹಿಂದಿರುಗಿಸುವವರೆಗೆ ಕಣ್ಣು ಮಿಟುಕಿಸುತ್ತಿರಲಿಲ್ಲ.

ಹನ್ನೆರಡು ಒಲೆಗಳ ಒಂದು ಜನ ಅವರದು. ಜೇನು ಕಟ್ಟುವ ಬಂಡೆ, ಬತ್ತದ ಒಂದು ಒರತೆ, ಹಿರೀಕರನ್ನು ಹೂಳಿದ ಇಳಿಜಾರು, ಇಷ್ಟನ್ನು ಹೊತ್ತ ಒಂದು ಗುಡ್ಡ; ಅದರ ಮೇಲೆ ಎಷ್ಟು ತಲೆಮಾರಿನಿಂದ ಇದ್ದೇವೆಂದು ಅವರಿಗೇ ಲೆಕ್ಕವಿಲ್ಲ. ಆ ಗುಡ್ಡವನ್ನು ಅರಣ್ಯ ಇಲಾಖೆ ತನ್ನದೆಂದು ಬರೆದುಕೊಂಡಿತ್ತು; ತನ್ನದೆಂದು ಬರೆದುಕೊಂಡದ್ದನ್ನು ಕಲ್ಲು ಒಡೆಯುವ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಹಿರೀಕರ ನೆಲದ ಮೇಲೆ ಹಕ್ಕು ಕೇಳುವ ದಾವೆಯನ್ನು ನಮ್ಮ ವಕೀಲರು ಹಿಡಿದರು. ಆ ಜನರಲ್ಲಿ ಉಳಿದಿದ್ದ ಅತಿ ಹಿರಿಯಳು ಕೋಟಿನಜ್ಜಿಯೇ ಆದ್ದರಿಂದ ಆಕೆಯ ಹೇಳಿಕೆಯೇ ದಾವೆಯ ಜೀವ. ಆಕೆ ಹೇಳಿದ್ದನ್ನು ಕೇಳಿ, ಕೋರ್ಟಿನ ಕನ್ನಡಕ್ಕೆ ತಿರುಗಿಸಿ, ಟೈಪು ಮಾಡುವ ಕೆಲಸ ನನ್ನದು. ಎಂಟು ತಿಂಗಳ ಮಗಳನ್ನು ಕಡತದ ಬೀರುವಿನ ಹಿಂದೆ ಬುಟ್ಟಿಯಲ್ಲಿ ಮಲಗಿಸಿ, ಐದು ನಿಮಿಷಕ್ಕೊಮ್ಮೆ ಅದರ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿ ಬಂದು ಟೈಪು ಮಾಡುತ್ತಿದ್ದ ದಿನಗಳವು.

ಆಕೆಯ ನಡಿಗೆಯಲ್ಲೂ ಒಂದು ಎಚ್ಚರವಿತ್ತು. ಕೋರ್ಟಿನ ಉದ್ದನೆಯ ಮೊಗಸಾಲೆಯಲ್ಲಿ ಆಕೆ ಎಂದೂ ನಡುವೆ ನಡೆದದ್ದಿಲ್ಲ. ಎಡ ಭುಜವನ್ನು ಗೋಡೆಗೆ ಸವರಿಕೊಂಡು, ಒಂದು ಪಕ್ಕವಾದರೂ ಭದ್ರವಾಗಿರಲಿ ಎಂಬಂತೆ ಸಾಗುತ್ತಿದ್ದಳು. ಸುಣ್ಣ ಹತ್ತಿ ಕೋಟಿನ ಎಡ ಭುಜ ಸದಾ ಬೆಳ್ಳಗಿರುತ್ತಿತ್ತು. ಮೆಟ್ಟಿಲ ಬುಡದಲ್ಲಿ ನಿಂತು ಹಿಂದಿನವರನ್ನೆಲ್ಲ ಮುಂದೆ ಬಿಟ್ಟು, ಬೆನ್ನ ಹಿಂದೆ ಯಾರೂ ಉಳಿದಿಲ್ಲವೆಂದಾದ ಮೇಲೆಯೇ ಹತ್ತುವಳು. ಮಾತಿನಲ್ಲೋ, ಯಾರು ಏನು ಹೇಳಿದರೂ ಒಂದೇ ಬಾಲ. "ಅಜ್ಜಿ, ಮುಂದಿನ ತಾರೀಖು ಸೋಮವಾರ" ಎಂದರೆ, "ಅಂತ ನೀನು ಹೇಳ್ತೀಯ." "ಬಿಸಿಲು ಜಾಸ್ತಿ, ನೀರು ಕುಡೀರಿ" ಎಂದರೂ, "ಅಂತ ನೀನು ಹೇಳ್ತೀಯ." ಒಮ್ಮೆ ವಕೀಲರು ರೇಗಿ, "ಅಜ್ಜಿ, ನಾನು ನಿಮ್ಮ ಪರ ವಕೀಲ ಕಣಮ್ಮಾ!" ಎಂದು ಮೇಜು ಗುದ್ದಿದರು. ಆಕೆ ಮೇಜನ್ನೂ ಅವರನ್ನೂ ಸಮನಾಗಿ ನೋಡಿ ಅದೇ ಮಾತು ಹೇಳಿದಳು. ಅವರಿಗೆ ನಗು ಬಂತು, ನನಗೆ ಬರಲಿಲ್ಲ. ಪಟ್ಟಣದ ಶಾಲೆಯಲ್ಲಿ ಓದಿ, ಒಳ್ಳೆಯ ಉದ್ದೇಶಕ್ಕೆ ಒಳ್ಳೆಯ ಪ್ರತಿಫಲ ಎಂದು ನಂಬಿ ಬಂದವಳು ನಾನು. ಮಗುವನ್ನು ಬುಟ್ಟಿಯಲ್ಲಿಟ್ಟುಕೊಂಡು ಇವರಿಗಾಗಿ ದುಡಿಯುತ್ತಿದ್ದರೆ ಈಕೆ ನನ್ನನ್ನೂ ಕಾವಲಿನವನ ಸಾಲಿಗೆ ಸೇರಿಸುತ್ತಾಳಲ್ಲ ಎಂದು ಒಳಗೇ ಕುದಿಯುತ್ತಿದ್ದೆ.

ಆದರೆ ಆಕೆಯ ಸಂಶಯಗಳ ಕಿರೀಟವೆಂದರೆ ಮೂರು ಓದು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರಿಂದ ಬೇರೆ ಬೇರೆಯಾಗಿ ಓದಿಸಿ, ಮೂವರ ಬಾಯಲ್ಲೂ ಒಂದೇ ಮಾತು ಬಂದರೆ ಮಾತ್ರ ಮುಂದಿನ ಮಾತು. ಆಕೆಗೆ ಅಕ್ಷರ ಬಾರದು. ನೆನಪು ಮಾತ್ರ ಅಗಾಧ. ಎರಡು ಪುಟವನ್ನು ಒಮ್ಮೆ ಕೇಳಿದರೆ ಸಾಕು, ಎರಡನೆಯವರು ಒಂದು ಪದ ನುಂಗಿದರೂ "ಅಲ್ಲೊಂದು ಬಿಟ್ಟೆ" ಎನ್ನುವಳು. ಇದಕ್ಕೂ ಒಂದು ಕಥೆಯುಂಟು: ಮನೆ ಎಣಿಸುವ ಕಾಗದ ಎಂದು ಹೇಳಿ ಇಲಾಖೆಯವರು ಆಕೆಯ ಅಪ್ಪನಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಗುಡ್ಡದ ಕೆಳಗಿನ ಅರ್ಧವನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇವೆ ಎಂದು ಅದರಲ್ಲಿತ್ತಂತೆ. ಅಪ್ಪ ಸಾಯುವವರೆಗೆ ಆ ಬೆರಳನ್ನು ಕಲ್ಲಿಗೆ ಉಜ್ಜುತ್ತಿದ್ದ ಎಂದಳು ಆಕೆ.

ಮುಖ್ಯ ಅಫಿಡವಿಟ್ಟು ಸಲ್ಲಿಸಲು ಕೋರ್ಟು ಕೊಟ್ಟ ಕೊನೆಯ ದಿನ ಒಂದು ಶುಕ್ರವಾರ, ಸಂಜೆ ಐದರ ಒಳಗೆ. ಅದು ತಪ್ಪಿದರೆ ಆಕೆಯ ಹೇಳಿಕೆಯೇ ದಾಖಲೆಗೆ ಬಾರದು. ಕಂಪನಿಯ ಯಂತ್ರಗಳು ಆಗಲೇ ಗುಡ್ಡದ ಬುಡದಲ್ಲಿ ನಿಂತಿದ್ದವು. ಬುಧವಾರವೇ ನಾನು ಟೈಪು ಮುಗಿಸಿದೆ. ವಕೀಲರು ಮೊದಲ ಪುಟ, ಕೊನೆಯ ಪುಟ ನೋಡಿ "ಚೆನ್ನಾಗಿದೆ" ಎಂದರು. ಅಜ್ಜಿ ಪ್ರತಿಯನ್ನು ಬೆನ್ನಿಗೆ ಸೇರಿಸಿಕೊಂಡು ಹೋದಳು. ಅಂದೇ ಜೆರಾಕ್ಸ್ ಅಂಗಡಿಯ ಹೆಂಗಸು ಓದಿದಳು; ಮರುದಿನ ಮೊಗಸಾಲೆಯಲ್ಲಿ ಅರ್ಜಿ ಬರೆದುಕೊಡುವ ನಿವೃತ್ತ ಮೇಷ್ಟ್ರು ಓದಿದರು. ಎರಡೂ ಸರಿಹೊಂದಿದವು.

"ಇನ್ನೇನು ಅಜ್ಜಿ, ಒತ್ತಿಬಿಡಿ" ಎಂದು ಶುಕ್ರವಾರ ಬೆಳಿಗ್ಗೆ ನಾನು ಅಂಗಲಾಚಿದೆ.

"ಇನ್ನೊಂದು ಬಾಯಿ ಬಾಕಿ ಇದೆ."

"ನಾನೇ ಓದ್ತೀನಿ ಕೊಡಿ."

"ಅಡುಗೆ ಮಾಡಿದೋಳನ್ನೇ ರುಚಿ ಕೇಳ್ತಾರಾ?" ಎಂದು ಎದ್ದು ಹೋದಳು.

ಮಧ್ಯಾಹ್ನ ಮಗುವಿಗೆ ನೀರು ತರಲು ನಲ್ಲಿಯ ಬಳಿ ಹೋದವಳು ಕಂಡದ್ದೇನು? ಮೊಗಸಾಲೆಯ ಕೊನೆಯ ಬೆಂಚಿನಲ್ಲಿ, ಕಂಪನಿಯ ವಕೀಲರ ಗುಮಾಸ್ತನ ಪಕ್ಕದಲ್ಲಿ, ಹೌದು, ಎದುರು ಕಕ್ಷಿಯ ಗುಮಾಸ್ತನ ಪಕ್ಕದಲ್ಲಿ ಕೋಟಿನಜ್ಜಿ ಕುಳಿತಿದ್ದಾಳೆ. ನಮ್ಮ ಅಫಿಡವಿಟ್ಟು ಅವನ ತೊಡೆಯ ಮೇಲಿದೆ. ಇಷ್ಟು ದಿನ ನಮ್ಮನ್ನೆಲ್ಲ ಅನುಮಾನಿಸಿದವಳೇ ಅತ್ತ ಸೇರಿಕೊಂಡಳೇ? ಕೊನೆಯ ದಿನ ಹೆಬ್ಬೆಟ್ಟು ಒತ್ತದೆ ಎಳೆದಾಡುತ್ತಿರುವುದು ಇದಕ್ಕೇನೇ? ಹಿಂದಿನದೆಲ್ಲ ಒಂದೊಂದಾಗಿ ಬೇರೆಯೇ ಬಣ್ಣದಲ್ಲಿ ಕಾಣತೊಡಗಿತು. ಸಂಶಯವೆಂಬುದು ಅಂಟುರೋಗವಿದ್ದಂತೆ, ಆಕೆಯಿಂದಲೇ ನನಗೆ ಹತ್ತಿರಬೇಕು. ಓಡಿಹೋಗಿ ವಕೀಲರಿಗೆ ಹೇಳಿದೆ.

ಆಕೆ ಒಳಗೆ ಬಂದಾಗ ಗಂಟೆ ಮೂರಾಗಿತ್ತು. ವಕೀಲರು ಕೂರಿ ಎನ್ನಲಿಲ್ಲ.

"ಅಜ್ಜಿ, ಕಾಗದ ಯಾರಿಗೆ ತೋರಿಸಿದ್ರಿ?"

"ಅವನಿಗೆ. ಎದುರಿನೋನಿಗೆ."

"ತಲೆ ಕೆಟ್ಟಿದೆಯಾ ನಿಮಗೆ? ಹುಲಿ ಬಾಯಿಗೆ ತಗೊಂಡುಹೋಗಿ ಇಟ್ಟಿದ್ದೀರಲ್ಲ!"

ಅಜ್ಜಿ ಗೋಡೆಗೆ ಒರಗಿ ನಿಂತು, ಮಗುವಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು: "ಇಬ್ಬರು ಓದಿದ್ರು, ಒಂದೇ ಥರ ಓದಿದ್ರು. ಓದಿದೋರು ಸುಳ್ಳು ಹೇಳ್ತಿಲ್ಲ ಅಂತ ಗೊತ್ತಾಯ್ತು. ಬರೆದಿರೋದೇ ಸುಳ್ಳಾಗಿದ್ರೆ? ನಿಮ್ಮ ಕೋರ್ಟಿನ ಮಾತು ನನಗೆ ಅರ್ಧ ಅರ್ಥ ಆಗಲ್ಲ. ನಮ್ಮೋರು ತಪ್ಪು ಕಂಡ್ರೆ ಮುಚ್ಚಿ ಓದ್ತಾರೆ, ನಾಚಿಕೆಗೆ. ಎದುರಿನೋನು ತಪ್ಪು ಕಂಡ್ರೆ ಖುಷಿ ಪಡ್ತಾನೆ. ಅವನ ಬಾಯಿ ಕೇಳೋಕೆ ಹೋಗಿರ್ಲಿಲ್ಲ ನಾನು. ಮುಖ ನೋಡೋಕೆ ಹೋಗಿದ್ದೆ."

ಆಮೇಲೆ ಕಾಗದವನ್ನು ನನ್ನ ಮುಂದಿಟ್ಟಳು. ಎರಡನೇ ಪುಟದ ನಡುವೆ, ಅಂಚಿನಲ್ಲಿ, ಉಗುರಿನಿಂದ ಒತ್ತಿದ ಒಂದು ಗೀರಿತ್ತು.

"ಇಲ್ಲಿ ನಕ್ಕ."

ಹನ್ನೊಂದನೇ ಪ್ಯಾರಾ. ನಾನು ಓದಿದೆ: *ಸದರಿ ಗುಡ್ಡದಲ್ಲಿ ನಾವು ಇಲಾಖೆಯ ಅನುಮತಿಯ ಮೇರೆಗೆ ವಾಸವಾಗಿದ್ದು, ಜೇನು ಮುಂತಾದವನ್ನು ಸಂಗ್ರಹಿಸುತ್ತಾ ಬಂದಿರುತ್ತೇವೆ.*

ಇಲಾಖೆಯ ಅನುಮತಿ! ಅನುಮತಿ ಪಡೆದು ಇದ್ದವರಿಗೆ ಹಿರೀಕರ ಹಕ್ಕು ಎಲ್ಲಿಂದ ಬರಬೇಕು? ಕೊಟ್ಟವರು ನಾಳೆ ಹಿಂದಕ್ಕೆ ತೆಗೆದುಕೊಂಡರೆ ಮುಗಿಯಿತು. ಆ ಒಂದು ಸಾಲಿನ ಕೆಳಗೆ ಆಕೆಯ ಹೆಬ್ಬೆಟ್ಟು ಬಿದ್ದಿದ್ದರೆ ಬಂಡೆ, ಒರತೆ, ಇಳಿಜಾರು ಎಲ್ಲವನ್ನೂ ಆಕೆ ಅಪ್ಪನಂತೆಯೇ ತನ್ನ ಕೈಯಾರೆ ಬಿಟ್ಟುಕೊಟ್ಟಂತಾಗುತ್ತಿತ್ತು. ಆ ಸಾಲನ್ನು ಬರೆದವಳು ನಾನು. ವರ್ಷಕ್ಕೊಮ್ಮೆ ಅನುಮತಿಚೀಟಿ ಪಡೆದು ದನ ಮೇಯಿಸುತ್ತಿದ್ದವರ ಹಳೆಯ ದಾವೆಯೊಂದಿತ್ತು. ಎಲ್ಲ ವಕೀಲರ ಕಚೇರಿಗಳಲ್ಲೂ ಮಾಡುವಂತೆ ಅದರ ಅಫಿಡವಿಟ್ಟನ್ನೇ ತೆಗೆದು, ಹೆಸರು, ಎಲ್ಲೆ, ದನದ ಜಾಗದಲ್ಲಿ ಜೇನು, ಇಷ್ಟನ್ನು ಬದಲಾಯಿಸಿ ಉಳಿದದ್ದನ್ನು ಹಾಗೇ ಬಿಟ್ಟಿದ್ದೆ. ಅಂದು ಮಗುವಿಗೆ ಜ್ವರವಿತ್ತು. ಮಡಿಲಲ್ಲಿ ಅದು ಕೆಂಡದಂತೆ ಸುಡುತ್ತಿತ್ತು. ಒಂದೇ ಕೈಯಲ್ಲಿ ಟೈಪು ಮಾಡಿದ್ದೆ.

"ಯಾರು ಹೇಳಿ ಬರೆಸಿದ್ರು?" ಎಂದಳು ಅಜ್ಜಿ. ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಭಯ ಹುಟ್ಟಿಸಿತು.

"ಯಾರೂ ಇಲ್ಲ ಅಜ್ಜಿ, ಆಣೆ. ಕೈತಪ್ಪಿಂದ ಆಯ್ತು. ಮಗುಗೆ ಜ್ವರ ಇತ್ತು…" ಅಳು ಬಂತು.

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು, ಗುಮಾಸ್ತನ ಮುಖವನ್ನು ನೋಡಿದ್ದ ಹಾಗೆಯೇ ಇರಬೇಕು. ಕೊನೆಗೆ, "ಅಂತ ನೀನು ಹೇಳ್ತೀಯ" ಎಂದಳು. ಆಮೇಲೆ, "ಕಣ್ಣೊರೆಸ್ಕೊ. ಮೊದ್ಲು ಬರಿ, ಆಮೇಲೆ ಅಳು."

ಮೂರೂ ಮುಕ್ಕಾಲಿಗೆ ಅನುಮತಿಯ ಮಾತು ತೆಗೆದ ಹೊಸ ಪ್ರತಿ ಸಿದ್ಧವಾಯಿತು. ಈ ಸಲ ವಕೀಲರು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು. ಹಾಗೆಂದು ಆಕೆ ಒತ್ತಿದಳೇ? ಎಲ್ಲಿಯ ಮಾತು! ಮತ್ತೆ ಜೆರಾಕ್ಸ್ ಅಂಗಡಿ, ಮತ್ತೆ ಮೇಷ್ಟ್ರು. ನಾನು ಮಗುವನ್ನು ಎತ್ತಿಕೊಂಡು ಗಡಿಯಾರ ನೋಡುತ್ತ ಹಿಂದೆ ಹಿಂದೆ. ನಾಲ್ಕೂ ಮುಕ್ಕಾಲಿಗೆ ಆಕೆ ಗೋಡೆ ಸವರಿಕೊಂಡು ಪುನಃ ಆ ಕೊನೆಯ ಬೆಂಚಿನತ್ತಲೇ ಹೊರಟಾಗ ವಕೀಲರು ತಲೆ ಮೇಲೆ ಕೈಹೊತ್ತರು. ಗುಮಾಸ್ತ ಮೊದಲು "ನಂಗೇನು ಕೆಲಸ ಇಲ್ವಾ ಅಜ್ಜಿ?" ಎಂದು ಗತ್ತು ಮಾಡಿದ. ಆದರೆ ಹಸಿದವನ ಮುಂದೆ ತಟ್ಟೆ ಇಟ್ಟರೆ ಎಷ್ಟು ಹೊತ್ತು ಮುಖ ತಿರುಗಿಸಿಯಾನು? ಕಾಗದಕ್ಕೆ ಕೈ ನೀಡಿದ. ಓದುತ್ತ ಓದುತ್ತ ಎರಡನೇ ಪುಟದ ನಡುವೆ ಅವನ ಧ್ವನಿ ಸಣ್ಣಗಾಯಿತು. ಆಕೆಯನ್ನು ಒಮ್ಮೆ, ಕಾಗದವನ್ನು ಒಮ್ಮೆ ನೋಡಿ, ಹಲ್ಲು ಕಚ್ಚಿಕೊಂಡು ಓದು ಮುಗಿಸಿ ಹಿಂದಿರುಗಿಸಿದ.

"ಈಗ ಶಾಯಿ ತನ್ನಿ" ಎಂದಳು ಕೋಟಿನಜ್ಜಿ.

ನಾಲ್ಕು ನಿಮಿಷ ಉಳಿದಿರುವಾಗ ಅಫಿಡವಿಟ್ಟು ಕೋರ್ಟಿನ ಕಿಟಕಿಯೊಳಗೆ ಹೋಯಿತು.

ದಾವೆ ಇನ್ನೂ ಎರಡು ವರ್ಷ ನಡೆಯಿತು. ಸಾಕ್ಷಿಕಟ್ಟೆಯಲ್ಲಿ ಕಂಪನಿಯ ವಕೀಲರು ಕೇಳಿದರು: "ಇಲಾಖೆ ಬೇಡ ಅನ್ನಲಿಲ್ಲ, ಅದಕ್ಕೇ ನೀವು ಅಲ್ಲಿದ್ರಿ. ಅಲ್ವೇನಮ್ಮಾ?" ಆಕೆ ಹೇಳಿದಳು: "ನಮ್ಮಜ್ಜ ಹುಟ್ಟಿದಾಗ ನಿಮ್ಮ ಇಲಾಖೆ ಹುಟ್ಟಿರ್ಲಿಲ್ಲ ಸ್ವಾಮಿ. ಹುಟ್ಟದೇ ಇರೋರ ಹತ್ರ ಅಪ್ಪಣೆ ಹೆಂಗೆ ಕೇಳೋದು?" ನ್ಯಾಯಾಧೀಶರು ತಲೆ ಎತ್ತಿ, ಆ ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳಲು ಹೇಳಿದರು. ಆ ಎರಡು ವರ್ಷವೂ ನಾನು ಟೈಪು ಮಾಡುವಾಗ ಆಕೆ ನನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಪರದೆಯನ್ನಲ್ಲ, ನನ್ನ ಬೆರಳುಗಳನ್ನು ನೋಡುತ್ತ ಕೂರುತ್ತಿದ್ದಳು. ಮಗು ಅತ್ತರೆ "ನಿಲ್ಲಿಸು" ಎನ್ನುವಳು. ಮಗುವನ್ನು ತಾನೇ ಎತ್ತಿಕೊಂಡು ಸುಮ್ಮನಾಗಿಸಿ, "ಈಗ ಮುಂದುವರಿಸು" ಎನ್ನುವಳು. ಅದು ಪ್ರೀತಿಯೋ ಕಾವಲೋ ನನಗೆ ಇಂದಿಗೂ ತಿಳಿಯದು.

ತೀರ್ಪು ಬಂತು. ಗುಡ್ಡದ ಹಕ್ಕು ಹನ್ನೆರಡು ಒಲೆಗಳಿಗೆ ಸೇರಿದ್ದೆಂದಾಯಿತು, ಗುತ್ತಿಗೆ ರದ್ದಾಯಿತು. ನಾನು ಸಂತೋಷ ತಡೆಯಲಾರದೆ, ಅಷ್ಟು ಹೊತ್ತಿಗೆ ಓಡಾಡುವಷ್ಟು ಬೆಳೆದಿದ್ದ ಮಗಳ ಕೈಹಿಡಿದುಕೊಂಡು ಆಕೆಯ ಬಳಿ ಹೋಗಿ, "ಈಗಲಾದ್ರೂ ನನ್ನ ನಂಬ್ತೀರಾ ಅಜ್ಜಿ?" ಎಂದು ಕೇಳಿದೆ. ಆಕೆ ಮಗಳ ಕೆನ್ನೆ ಸವರಿ, "ನೀನು ಕೆಟ್ಟೋಳಲ್ಲ ಮಗಳೇ. ಆದ್ರೆ ಮುಂದಿನ ಸಲ ಇವಳಿಗೆ ಜ್ವರ ಬಂದಾಗ ನಿನ್ನ ಕೈ ಏನು ಬರೆಯುತ್ತೋ, ನಿನಗೇ ಗೊತ್ತಾ?" ಎಂದಳು. ಗೊತ್ತಿರಲಿಲ್ಲ. ಹಾಗೆಂದು ಹೇಳಿದೆ. ಆಕೆ ಮೊದಲ ಬಾರಿಗೆ ಒಪ್ಪಿಕೊಂಡವಳಂತೆ ತಲೆಯಾಡಿಸಿದಳು.

ಇಂಥವರನ್ನು ನಾವು ಸಂಶಯಪಿಶಾಚಿಗಳೆಂದು ಕರೆದು ನಗುತ್ತೇವೆ, ನೊಂದುಕೊಳ್ಳುತ್ತೇವೆ. ನಮ್ಮ ಸದುದ್ದೇಶಕ್ಕೆ ಅವರು ಮರುಳಾಗಲಿಲ್ಲವೆಂದು ಒಳಗೊಳಗೇ ಸಿಡುಕುತ್ತೇವೆ. ಜನನಪತ್ರದಿಂದ ಹಿಡಿದು ಮಗುವಿನ ಲಸಿಕೆಯ ಚೀಟಿಯವರೆಗೆ ಎಲ್ಲ ಕಾಗದಗಳೂ ನಮ್ಮನ್ನು ಕಂಡೊಡನೆ ಬಾಲ ಅಲ್ಲಾಡಿಸಿವೆ. ನಮ್ಮ ನಂಬಿಕೆ ಗುಣವಲ್ಲ, ಬರಿಯ ಅದೃಷ್ಟ. ಹಗ್ಗವನ್ನು ಹಾವೆಂದು ಕಾಣುವುದೇ ಭ್ರಮೆ ಎಂದು ನಮಗೆ ಹಿರಿಯರು ಕಲಿಸಿದರು. ಹಾವನ್ನು ಹಗ್ಗವೆಂದುಕೊಂಡು ತುಳಿದು ಸತ್ತವರ ಸಂತತಿಗೆ ಆ ಪಾಠ ಹಿಡಿಸುವುದಿಲ್ಲ. ಕೋಲು ಹಿಡಿದು, ನೆಲ ತಟ್ಟಿ ತಟ್ಟಿ ಹೆಜ್ಜೆಯಿಡುವವರು ಅವರು. ಅವರು ಇನ್ನೂ ಆ ನೆಲದ ಮೇಲೆ ಇದ್ದಾರೆಂದರೆ, ಹಾಗೆ ನಡೆದದ್ದರಿಂದಲೇ ಇದ್ದಾರೆ.