ಸ್ಟೇಷನ್ನಿನ ಆಚೆ

"ನಾಳೆ ಹನ್ನೊಂದಕ್ಕೆ ಸ್ಟೇಷನ್ ಆಚೆ ನಿಂತಿರ್ತೀನಿ, ಬಂದುಬಿಡು ಮೊದ್ದು," ಅಂದಿದ್ದ ಅಣ್ಣ. ಒಂಬತ್ತು ವರ್ಷದ ಮೇಲೆ ನನ್ನ ಕಿವಿಗೆ ಬಿದ್ದ ಅವನ ಮಾತು ಅಷ್ಟೇ. ಅದೂ ಗೊಗ್ಗರು ಧ್ವನಿಯಲ್ಲಿ. ಆಮೇಲೆ ಫೋನು ಅವನ ಮನೆ ಓನರಮ್ಮನ ಕೈಗೆ ಹೋಯಿತು. ಅಣ್ಣನ ಗಂಟಲಲ್ಲಿ ಗೆಡ್ಡೆಯಂತೆ. ನಾಳೆ ಸಂಜೆ ನಾಲ್ಕಕ್ಕೆ ಆಸ್ಪತ್ರೆ ಸೇರಬೇಕು, ನಾಡಿದ್ದು ಬೆಳಿಗ್ಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡ್ತಾರಂತೆ.

"ಮಾತಾಡೋದಿದ್ರೆ ನಾಳೆನೇ ಆಡ್ಕೊಳ್ಳಿ ಅಪ್ಪಾ," ಅಂದರು ಆಕೆ.

ನಾನು ಟೈಲರು. ಅಣ್ಣ ಈ ಮಹಾಪಟ್ಟಣದ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರು. ಅಮ್ಮ ಹೋದಾಗ ಅವನು ಬರುವುದು ಒಂದು ದಿನ ತಡವಾಯಿತು. "ಬಸ್ಸಲ್ಲಿ ಊರೆಲ್ಲಾ ಕೂಗೋ ಬಾಯಿಗೆ ಅಮ್ಮನ್ನ ಒಂದ್ಸಲ ಕೂಗೋಕೆ ಬಿಡುವಿರಲಿಲ್ವಾ?" ಅಂತ ನಾಲ್ಕು ಜನರೆದುರು ಕೇಳಿಬಿಟ್ಟಿದ್ದೆ. ಅವನು ತಿರುಗಿ ಒಂದಕ್ಷರ ಆಡದೆ ಎದ್ದು ಹೋದ. ಆ ಬಾಕಿ ಬೈಗುಳ ಕೇಳಿಸಿಕೊಳ್ಳಲೆಂದೇ ನಾನು ಬಂದದ್ದು. ಬಾಯಿತುಂಬ ಬೈಯಲಿ, ಬಾಯಿರುವಾಗಲೇ ಬೈಯಲಿ.

ರೈಲಿಂದ ಇಳಿದವನನ್ನು ಜನವೇ ಎತ್ತಿಕೊಂಡು ಹೋಗಿ ಆಚೆ ಹಾಕಿತು. ನನ್ನ ಕಾಲು ನೆಲ ಮುಟ್ಟಿತೋ ಇಲ್ಲವೋ! ಕಂಬಕ್ಕೆ ಆತು ನಿಂತೆ. ಮುಖ ನೋಡುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ನಮ್ಮ ಕಸುಬಿಗೆ ಭುಜ ಸಾಕು. ಚರ್ಮದ ಚೀಲ ಹೊತ್ತೂ ಹೊತ್ತೂ ಅಣ್ಣನ ಎಡಭುಜ ಅರ್ಧ ಇಂಚು ಇಳಿದಿತ್ತು. ಅಂಥ ಭುಜ ಹುಡುಕುತ್ತಾ ಹನ್ನೆರಡಾಯಿತು, ಎರಡಾಯಿತು. ಅಣ್ಣನ ಹತ್ತಿರ ಫೋನಿಲ್ಲ. ಓನರಮ್ಮನಿಗೆ ಮಾಡಿದರೆ, "ಇಸ್ತ್ರಿ ಶರ್ಟ್ ಹಾಕ್ಕೊಂಡು ಬೆಳಿಗ್ಗೆನೇ ಹೊರಟ್ರಲ್ಲಾ!" ಅಂದರು.

ಮೂರೂವರೆಗೆ ಒಬ್ಬ ಮುದಿ ಪೋರ್ಟರ್ ಮುಂದೆ ಬಂದು ನಿಂತ.

"ಏನ್ ಯಜಮಾನ್ರೇ, ಕಂಬ ಹೊಸದಾಗಿ ಹಾಕಿದ್ದಾರೆ ಅಂದ್ಕೊಂಡೆ. ಯಾರಿಗೆ ಕಾಯ್ತಿದ್ದೀರಿ?"

"ಅಣ್ಣಂಗೆ. ಆಚೆ ನಿಂತಿರ್ತೀನಿ ಅಂದಿದ್ದ."

"ಏನ್ ಕೆಲಸ ಅವರಿಗೆ?"

"ಕಂಡಕ್ಟರು."

ಅವನು ಹಣೆ ಚಚ್ಚಿಕೊಂಡ. "ಅಯ್ಯೋ, ಕಂಡಕ್ಟರು ಆಚೆ ಅಂದ್ರೆ ಆಚೆ ಗೇಟು ಕಣ್ರೀ! ಹಳಿ ದಾಟಿ, ಬಸ್ಸು ನಿಲ್ಲೋ ಕಡೆ. ಇದು ಈಚೆ."

ನಮ್ಮ ಮನೆಯಲ್ಲಿ ಆಚೆ ಅಂದರೆ ಹೊರಗೆ. "ಆಚೆ ಹೋಗಿ ಆಡ್ಕೊಳ್ರೋ" ಅಂತ ಅಮ್ಮ ನಮ್ಮಿಬ್ಬರನ್ನೂ ದಬ್ಬುತ್ತಿದ್ದದ್ದು ಆ ಆಚೆಗೇ.

ಮೇಲ್ಸೇತುವೆ ಹತ್ತಿ ಓಡಿದೆ. ಎದುರಿಂದ ಬರುವವರೆಲ್ಲ ನನ್ನನ್ನು ಹಿಂದಕ್ಕೇ ತಳ್ಳಿದರು. ಆಚೆ ಗೇಟಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವಳನ್ನು ಅಣ್ಣನ ಬಗ್ಗೆ ಕೇಳಿದೆ. ಸೂಜಿ ನಿಲ್ಲಿಸಿ ನೋಡಿದಳು.

"ಕತ್ತಿಗೆ ಮಫ್ಲರ್ ಕಟ್ಟಿದ್ರಲ್ಲಾ, ಅವ್ರಾ? ಈಗ ಹತ್ತು ನಿಮಿಷ ಆಯ್ತು ಬಸ್ ಹತ್ತಿ. ಒಂದೊಂದ್ ರೈಲು ಬಂದಾಗ್ಲೂ ಮೊದ್ದೂ, ಮೊದ್ದೂ ಅಂತ ಕೂಗೋರು. ಧ್ವನಿ ಎಲ್ಲಿತ್ತು ಪಾಪ, ಹರಿದ ಬಟ್ಟೆ ಹಂಗೆ. ನಾವೆಲ್ಲಾ ನಕ್ಕಿದ್ದೇ ನಕ್ಕಿದ್ದು." ಆಮೇಲೆ ನನ್ನ ಮುಖ ನೋಡಿ, "ನೀವೇನಾ?" ಅಂದಳು.

ಸಿಕ್ಕಿದ ಬಸ್ಸು ಹತ್ತಿದೆ. ಅದು ಆಸ್ಪತ್ರೆಗೆ ಬೆನ್ನು ಮಾಡಿ ಹೊರಟಿತ್ತು. ಇಳಿದು ಇನ್ನೊಂದು ಹತ್ತಿದರೆ ಅದು ಸಿಗ್ನಲ್ಲಿನಲ್ಲಿ ಬೇರು ಬಿಟ್ಟಿತು. "ಒಳಗೆ ನಡೀರಿ, ಒಳಗೆ ನಡೀರಿ," ಅಂತ ಕಂಡಕ್ಟರು ಗದರುತ್ತಿದ್ದ. ಎಂಥ ಗಟ್ಟಿ ಗಂಟಲು! ನನಗೆ ಹೊಟ್ಟೆ ಉರಿಯಿತು.

ವಾರ್ಡಿನ ಬಾಗಿಲಿಗೆ ಬಂದಾಗ ಆರೂ ಕಾಲು.

"ಐದಕ್ಕೇ ಮುಚ್ತೀವಿ. ನಾಳೆ ಸಂಜೆ ಬನ್ನಿ," ಅಂದ ಕಾವಲಿನವನು.

"ಒಂದೇ ಮಾತಪ್ಪಾ."

"ಇಲ್ಲಿಗೆ ಬರೋರಿಗೆಲ್ಲಾ ಒಂದೇ ಮಾತು ಇರೋದು, ಸ್ವಾಮಿ."

ಮಾರನೇ ಸಂಜೆ ಒಳಗೆ ಬಿಟ್ಟರು. ಅಣ್ಣನ ಕತ್ತಿಗೆ ಬಟ್ಟೆ, ಬಟ್ಟೆಯಿಂದ ಒಂದು ನಳಿಕೆ, ಎದೆಯ ಮೇಲೊಂದು ಸ್ಲೇಟು. ಎಡಭುಜ ಹಾಗೇ ಅರ್ಧ ಇಂಚು ಕೆಳಗೆ. ನನ್ನನ್ನು ಕಂಡು ಬರೆದ: "ಆಚೆ ಅಂದಿದ್ದೆನಲ್ಲೋ."

"ಆಚೆನೇ ನಿಂತಿದ್ದೆ ಕಣೋ," ಅಂದೆ.

ಅವನ ಹೆಗಲು ಅಲುಗಿತು. ನಗುವೋ, ಅಳುವೋ, ಸದ್ದಿಲ್ಲದೆ ಹೇಗೆ ತಿಳಿಯಬೇಕು? ಅಂಗೈಯಿಂದ ಸ್ಲೇಟು ಒರೆಸಿ, ಮತ್ತೆ ಬರೆದು, ನನ್ನ ಕಡೆ ತಿರುಗಿಸಿದ.

"ಮೊದ್ದು."

ಓದಿದೆ. ಕೇಳಿಸಲಿಲ್ಲ.