ಹಗ್ಗಕ್ಕೆ ಕೈ ಕೊಟ್ಟವರು

೧
ಎಲ್ಲಿಂದ ಶುರುಮಾಡಲಿ? ಲೋಕಯ್ಯ ಓಡಿಬರುವುದರಿಂದಲೇ? ಮೊದಲ ಡ್ರಾಫ್ಟಿನಲ್ಲಿ ಅವನು ಕುದುರೆಯ ಮೇಲೆ ಬಂದಿದ್ದ. (ಬೆಂಗ್ರೆಯ ಕಡಲದಡದ ಮರಳಿನಲ್ಲಿ ಕುದುರೆ! ನನಗೆ ಈ ಕಥೆ ಹೇಳಿದ ಅಜ್ಜಿಯ ರಾಜಕುಮಾರರ ಪ್ರಭಾವ. ಹರಿದೆ.)

೨
ಸರಿ. ೧೯೪೨. ಜಪಾನಿನವರು ಬಂದಾರೆಂದು ಬ್ರಿಟಿಷ್ ಸೈನಿಕರು ಬೆಂಗ್ರೆಯಲ್ಲಿ ಡೇರೆ ಹಾಕಿದ್ದಾರೆ. ಲೋಕಯ್ಯ ಬಲ್ಮಠದ ಕಡೆಯ ಮೇಷ್ಟ್ರು. ಸೈನಿಕರ ಟೆಲಿಗ್ರಾಫ್ ತಂತಿ ಕತ್ತರಿಸಿ ಬರಿಗಾಲಲ್ಲಿ ಓಡಿ ಬಂದಿದ್ದಾನೆ. ದಡದಲ್ಲಿ ಊರಿಗೆ ಊರೇ ಸಾಲಾಗಿ ಹಗ್ಗ ಹಿಡಿದು, ಕಡಲಿಗೆ ಬಿಟ್ಟ ದೊಡ್ಡ ರಂಪಣಿ ಬಲೆ ಎಳೆಯುತ್ತಿದೆ.

ಅಲ್ಲೊಂದು ಕಟ್ಟಳೆ: ಹಗ್ಗಕ್ಕೆ ಕೈ ಕೊಟ್ಟವನಿಗೆ ಮೀನಿನಲ್ಲಿ ಪಾಲು. ಯಾರು, ಎಲ್ಲಿಯವನು ಎಂದು ಕೇಳುವಂತಿಲ್ಲ.

ಬಲೆಯ ಯಜಮಾನಿ ದೇಯಿ ಅವನ ಅಂಗಿ ಬಿಚ್ಚಿಸಿ ಸಾಲಿಗೆ ನೂಕಿದಳು.

"ಎಳೀರಿ ಮೇಷ್ಟ್ರೇ."

"ಅಕ್ಕಾ, ಕೈ ಸುಲೀತದೆ."

"ತಂತಿ ಕಡಿವಾಗ ಎಂತ ಆಗ್ಲಿಲ್ವಾ ಮಾರಾಯ್ರೇ?"

೩
ಅವನನ್ನು ಹುಡುಕುತ್ತ ಸೈನಿಕರು ಬಂದರು. ಊರ ಭಾಷೆ ಬಲ್ಲ ಹವಾಲ್ದಾರ ಕೂಗಿದ: "ಹಗ್ಗ ಬಿಡಿ! ಎಲ್ಲರೂ ಅಂಗೈ ತೋರಿಸಿ!"

(ಬುದ್ಧಿವಂತ. ನಾನೇ ಹಾಗೆ ಬರೆದದ್ದು, ತಪ್ಪಾಯಿತು. ದಡ್ಡುಗಟ್ಟಿದ ಅಷ್ಟೂ ಅಂಗೈಗಳ ನಡುವೆ ಬೊಬ್ಬೆ ಎದ್ದ ಒಂದು ಜೊತೆ, ಮೇಷ್ಟ್ರದು.)

"ಬಿಟ್ರೆ ಬಲೆ ಹೋಗ್ತದೆ," ಎಂದಳು ದೇಯಿ. "ನಮಗೆ ಬೇರೆ ಬಲೆ ಉಂಟಾ? ಬಿಡ್ಲಿಕ್ಕಿಲ್ಲ."

ಬಂದೂಕುಗಳು ಎದ್ದವು. ಯಾರೂ ಬಿಡಲಿಲ್ಲ.

೪
ಈಗ ಲೋಕಯ್ಯ ನನ್ನತ್ತ ತಿರುಗಿದ. "ನನ್ನನ್ನು ಶರಣಾಗಲಿಕ್ಕೆ ಬಿಡಿ. ಇವರೆಲ್ಲ ಸಾಯ್ತಾರೆ."

ನನಗೂ ಅದೇ ಸುಲಭ. ಕಣ್ಣೀರಿನ ದೃಶ್ಯ ಚೆನ್ನಾಗಿ ಬರುತ್ತದೆ ನನಗೆ. ಆದರೆ ದೇಯಿ ಗದರಿದಳು: "ಏ ಹುಡುಗಿ, ಅವನ ಮಾತು ಎಂತಕ್ಕೆ ಕೇಳುದು? ಹಿಡಿದಿರುವುದು ನಾವು. ನಮ್ಮನ್ನು ಕೇಳು."

ಕೇಳಿದೆ. ಅವನನ್ನು ಬಿಟ್ಟುಕೊಡುವುದು ಬೇಡವೆಂದು ಸಾಲಿಡೀ ತಲೆಯಾಡಿಸಿತು.

೫
ಕೊನೆ, ಅ: ಗುಂಡು ಹಾರುತ್ತದೆ. ಸಾಲಿನಲ್ಲಿದ್ದ ಮುದುಕ ಗುರುವಪ್ಪ ಬೀಳುತ್ತಾನೆ. ಅವನ ಜಾಗಕ್ಕೆ ಹಿಂದೆ ನಿಂತಿದ್ದ ಬೀಫಾತಿಮ್ಮ ಬರುತ್ತಾಳೆ. ಹಗ್ಗ ಸಡಿಲವಾಗುವುದಿಲ್ಲ. (ಗುರುವಪ್ಪ ನನ್ನನ್ನು ಕೇಳುತ್ತಾನೆ: "ನಾನೇ ಯಾಕೆ?")

ಕೊನೆ, ಆ, ಅಜ್ಜಿಯದು: ಸೈನಿಕರು ಹಗ್ಗ ಕಿತ್ತುಕೊಳ್ಳಲು ತಾವೇ ಎಳೆಯುತ್ತಾರೆ. ಬಲೆ ಇನ್ನೂ ಬೇಗ ದಡಕ್ಕೆ ಬರುತ್ತದೆ. ದೇಯಿ ಹವಾಲ್ದಾರನ ಬೂಟಿನ ಮೇಲೆ ಬಂಗುಡೆ ಮೀನು ಸುರಿದು, "ನಿನ್ನ ಪಾಲು ತಕೋ, ಕಟ್ಟಳೆ!" ಎನ್ನುತ್ತಾಳೆ. ಊರು ನಗುತ್ತದೆ.

"ಆಮೇಲೆ, ಅಜ್ಜಿ? ಬಲೆ ಬಂದ ಮೇಲೆ ಹವಾಲ್ದಾರ ಕೈ ಬಿಡಿಸಿ ನೋಡ್ಲಿಲ್ವಾ?"

ಅಷ್ಟರಲ್ಲಿ ಅಜ್ಜಿಯ ಗೊರಕೆ.

೬
ನೀವೂ ಅದನ್ನೇ ಕೇಳುತ್ತಿದ್ದೀರಿ, ಗೊತ್ತು. ಕಥೆ ಮುಗಿದರೆ ಎಲ್ಲರೂ ಹಗ್ಗ ಬಿಡಬೇಕು, ಅಂಗೈಗಳು ತೆರೆದುಕೊಳ್ಳಬೇಕು. ಹವಾಲ್ದಾರ ಕಾಯುತ್ತಿರುವುದೂ ಅದಕ್ಕೇ.

ನಾನು ಮುಗಿಸುವುದಿಲ್ಲ. ಬಲೆ ಇನ್ನೂ ನೀರಿನಲ್ಲಿದೆ. ಎಳೀರಿ ಮೇಷ್ಟ್ರೇ,